ಚದುರಂಗದ ಮಣೆಯ ಮೇಲೆ ವಯಸ್ಸಿನ ಲೆಕ್ಕ

ಚದುರಂಗದ ಆಟಗಾರರು ಯಾವ ವಯಸ್ಸಿನಲ್ಲಿ ಅತಿ ಚೆನ್ನಾಗಿ ಆಡುತ್ತಾರೆ, ಆಮೇಲೆ ಅವರ ಆಟ ಎಷ್ಟು ಬೇಗ ಇಳಿಯುತ್ತದೆ ಎಂಬ ಪ್ರಶ್ನೆಗೆ ಸಂಶೋಧಕರು ಸುಮಾರು ಎಪ್ಪತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದ್ದಾರೆ. ಸಿಕ್ಕ ಉತ್ತರಗಳು ಮಾತ್ರ ಒಂದೇ ತೆರನಾಗಿಲ್ಲ. ಒಂದು ಲೆಕ್ಕದ ಪ್ರಕಾರ ಆಟದ ಶಿಖರ ಇಪ್ಪತ್ತರ ಆರಂಭದಲ್ಲಿದೆ, ಇನ್ನೊಂದರ ಪ್ರಕಾರ ಮೂವತ್ತೈದರಲ್ಲಿ, ಮತ್ತೊಂದರ ಪ್ರಕಾರ ನಲವತ್ತನಾಲ್ಕರ ಹೊಸ್ತಿಲಲ್ಲಿ. ಆಟ ಅದೇ. ಬದಲಾದದ್ದು ಅಳೆಯುವ ಕ್ರಮ. ಹೀಗಾಗಿ ಈ ಅಧ್ಯಯನದ ಚರಿತ್ರೆಯನ್ನು ಹೇಳಹೊರಟರೆ, ವಯಸ್ಸಿನ ಪರಿಣಾಮವನ್ನು ಯಾವುದರಿಂದ ಅಳೆಯಬೇಕು ಎಂಬ ವಾದದ ಚರಿತ್ರೆಯನ್ನೇ ಹೇಳಿದಂತಾಗುತ್ತದೆ.

ಮುಪ್ಪು ಮತ್ತು ಬುದ್ಧಿಯ ಸಂಬಂಧವನ್ನು ಅರಿಯಲು ಚದುರಂಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ವಕೀಲರ, ವೈದ್ಯರ ಅಥವಾ ಲೇಖಕರ ಕೆಲಸ ಅರವತ್ತರಲ್ಲಿ ನಲವತ್ತರಷ್ಟೇ ಚೆನ್ನಾಗಿದೆಯೇ ಎಂದು ತೀರ್ಮಾನಿಸಲು ಎಲ್ಲರೂ ಒಪ್ಪುವ ಅಂಕಿಯಿಲ್ಲ. ಚದುರಂಗದಲ್ಲಿ ಪ್ರತಿ ನಡೆಯನ್ನೂ ಬರೆದಿಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ದೊಡ್ಡ ಟೂರ್ನಿಗಳ ಆಟಗಳನ್ನು ಇಂದಿಗೂ ನಡೆ ಬಿಡದಂತೆ ಮತ್ತೆ ಆಡಿನೋಡಬಹುದು. ಆಟಗಾರರ ಹುಟ್ಟಿದ ದಿನ ಗೊತ್ತು, ಆಟ ನಡೆದ ದಿನ ಗೊತ್ತು, ಫಲಿತಾಂಶದಲ್ಲಿ ತಕರಾರಿಲ್ಲ. ತೋಳಿನ ಬಲ, ಕಾಲಿನ ವೇಗಗಳ ಗೊಂದಲವೂ ಇಲ್ಲ. ಮನಶ್ಶಾಸ್ತ್ರಜ್ಞರಿಗೆ ಇಂತಹ ದಾಖಲೆ ಬೇರೆಲ್ಲೂ ಸಿಗುವುದು ಕಷ್ಟ.

ಸಂಶೋಧನೆಗೆ ಮೊದಲು ಇದ್ದದ್ದು ಉದಾಹರಣೆಗಳು ಮಾತ್ರ, ಮತ್ತು ಅವು ಎರಡೂ ಕಡೆಗೆ ವಾಲುತ್ತಿದ್ದವು. 1886ರಲ್ಲಿ ಐವತ್ತರ ಆಸುಪಾಸಿನಲ್ಲಿ ವಿಶ್ವ ಚಾಂಪಿಯನ್ ಆದ ವಿಲ್ಹೆಲ್ಮ್ ಸ್ಟೈನಿಟ್ಜ್, 1894ರಲ್ಲಿ ಐವತ್ತೆಂಟನೆಯ ವಯಸ್ಸಿನಲ್ಲಿ ಪಟ್ಟ ಬಿಟ್ಟುಕೊಟ್ಟದ್ದು ಇಪ್ಪತ್ತೈದರ ಎಮಾನ್ಯುಯೆಲ್ ಲಾಸ್ಕರ್ ಅವರಿಗೆ. ಯೌವನದ ಮುಂದೆ ಮುಪ್ಪು ನಿಲ್ಲದು ಎನ್ನುವವರಿಗೆ ಇದು ಸಾಕ್ಷಿಯಾಯಿತು. ಆದರೆ ಅದೇ ಲಾಸ್ಕರ್ 27 ವರ್ಷ ಪಟ್ಟ ಉಳಿಸಿಕೊಂಡರು. ಅದನ್ನು ಕಳೆದುಕೊಂಡ ಮೇಲೂ 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ಕಾಪಬ್ಲಾಂಕಾ, ಅಲೆಖೈನ್ ಇಬ್ಬರನ್ನೂ ಹಿಂದಿಕ್ಕಿ ಮೊದಲಿಗರಾದರು. ಆಗ ಅವರಿಗೆ ಐವತ್ತೈದು. 1935ರಲ್ಲಿ ಮಾಸ್ಕೋದಲ್ಲಿ ಅರವತ್ತಾರರ ಲಾಸ್ಕರ್ ಒಂದೂ ಆಟ ಸೋಲದೆ, ಬಾಟ್ವಿನ್ನಿಕ್ ಮತ್ತು ಫ್ಲೋರ್ ಅವರಿಗಿಂತ ಬರೀ ಅರ್ಧ ಅಂಕ ಹಿಂದುಳಿದು ಮೂರನೆಯವರಾದರು. ಇಂತಹ ಕಥೆಗಳು ರೋಚಕ. ಆದರೆ ಅಸಾಧಾರಣರ ಬದುಕಿನಿಂದ ಸಾಮಾನ್ಯ ನಿಯಮ ತೆಗೆಯಲಾಗದು.

ನಿಯಮ ಹುಡುಕುವ ಮೊದಲ ದೊಡ್ಡ ಪ್ರಯತ್ನ ಅಮೆರಿಕದ ಮನಶ್ಶಾಸ್ತ್ರಜ್ಞ ಹಾರ್ವೆ ಲೇಮನ್ ಅವರದು. ವಿಜ್ಞಾನ, ಕಾವ್ಯ, ಸಂಗೀತ, ಕ್ರೀಡೆಗಳಲ್ಲಿ ಶ್ರೇಷ್ಠ ಸಾಧನೆ ಯಾವ ವಯಸ್ಸಿನಲ್ಲಿ ಬರುತ್ತದೆಂದು ಎಣಿಸಿ 1953ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಚದುರಂಗಕ್ಕೂ ಜಾಗವಿತ್ತು. ಸಾಧನೆಗಳನ್ನು ವಯಸ್ಸಿನ ಗುಂಪುಗಳಿಗೆ ಹಂಚಿ ಎಣಿಸುವುದು ಅವರ ವಿಧಾನ. ಎಣಿಕೆಯ ತೊಡಕೂ ಅಲ್ಲೇ ಇತ್ತು. ಗೆದ್ದವರು ಮಾತ್ರ ಲೆಕ್ಕಕ್ಕೆ ಬರುತ್ತಾರೆ. ಎರಡನೆಯ ಸ್ಥಾನಕ್ಕೆ ಇಳಿದವರು ಎಷ್ಟು ಇಳಿದರು ಎಂಬುದು ಕಾಣುವುದಿಲ್ಲ.

ಆ ಕೊರತೆಯನ್ನು ತುಂಬಿದವರು ಮನಶ್ಶಾಸ್ತ್ರಜ್ಞರಲ್ಲ, ಒಬ್ಬ ಭೌತಶಾಸ್ತ್ರದ ಮೇಷ್ಟ್ರು. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅರ್ಪಾದ್ ಎಲೋ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಅಮೆರಿಕದ ಚೆಸ್ ಒಕ್ಕೂಟ 1960ರಲ್ಲಿ, ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡೆ 1970ರಲ್ಲಿ ಒಪ್ಪಿಕೊಂಡವು. ಇಬ್ಬರ ರೇಟಿಂಗಿನಲ್ಲಿ 200 ಅಂಕಗಳ ವ್ಯತ್ಯಾಸವಿದ್ದರೆ, ಮೇಲಿರುವವರು ನೂರು ಆಟಗಳಿಂದ ಸುಮಾರು ಎಪ್ಪತ್ತಾರು ಅಂಕ ಗಳಿಸಬೇಕು ಎಂಬಂತಹ ನಿರೀಕ್ಷೆಯ ಮೇಲೆ ಈ ಪದ್ಧತಿ ನಿಂತಿದೆ. ಇದರಿಂದ ಆಟಗಾರರ ಇಡೀ ವೃತ್ತಿಜೀವನವನ್ನು ಒಂದು ರೇಖೆಯಾಗಿ ಎಳೆಯುವುದು ಸಾಧ್ಯವಾಯಿತು. 1965ರಲ್ಲಿ ಎಲೋ ಮುಪ್ಪಿನ ಅಧ್ಯಯನಕ್ಕೆ ಮೀಸಲಾದ ನಿಯತಕಾಲಿಕವೊಂದರಲ್ಲಿ ಮಾಸ್ಟರ್ ಮಟ್ಟದ ಆಟಗಾರರ ರೇಖೆಗಳನ್ನು ಒಟ್ಟುಗೂಡಿಸಿ ತೋರಿಸಿದರು. ಆಟ ಮೂವತ್ತೈದರ ಆಸುಪಾಸಿನವರೆಗೆ ಏರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅರವತ್ತು ದಾಟಿದ ಮಾಸ್ಟರ್‌ಗಳ ಮಟ್ಟ ಹೆಚ್ಚೂಕಡಿಮೆ ಅವರದೇ ಇಪ್ಪತ್ತರ ಹರೆಯದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಇಳಿತವಿದೆ, ಆದರೆ ಕುಸಿತವಿಲ್ಲ ಎಂಬ ಈ ಚಿತ್ರವನ್ನು ಮುಂದಿನ ಯಾವ ಅಧ್ಯಯನವೂ ಪೂರ್ತಿ ಅಳಿಸಿಹಾಕಿಲ್ಲ.

ಎಲೋ ಅವರ ಕೆಲಸದ ಬೆಲೆ ತಿಳಿಯಲು ಆ ಕಾಲದ ಇನ್ನೊಂದು ಚರ್ಚೆಯನ್ನು ನೆನೆಯಬೇಕು. ಬುದ್ಧಿಶಕ್ತಿ ಇಪ್ಪತ್ತೈದರಿಂದಲೇ ಇಳಿಯುತ್ತದೆ ಎಂದು ಹಿಂದಿನ ಪರೀಕ್ಷೆಗಳು ಹೇಳುತ್ತಿದ್ದವು. ಅವು ಒಂದೇ ದಿನ ಇಪ್ಪತ್ತರವರನ್ನೂ ಅರವತ್ತರವರನ್ನೂ ಕೂರಿಸಿ ಹೋಲಿಸಿದಂಥವು. ಶಾಲೆ ಕಂಡ ತಲೆಮಾರಿಗೂ ಅಷ್ಟಾಗಿ ಕಾಣದ ತಲೆಮಾರಿಗೂ ಇರುವ ಅಂತರವೇ ವಯಸ್ಸಿನ ಪರಿಣಾಮವೆಂಬಂತೆ ಅಲ್ಲಿ ಕಾಣಿಸಿಕೊಳ್ಳುತ್ತಿತ್ತು. ವಾರ್ನರ್ ಷೈ 1956ರಲ್ಲಿ ಸಿಯಾಟಲ್‌ನಲ್ಲಿ ಆರಂಭಿಸಿದ ಅಧ್ಯಯನ ಅದೇ ಜನರನ್ನು ದಶಕಗಳ ಕಾಲ ಹಿಂಬಾಲಿಸಿ, ಇಳಿತ ಅಷ್ಟು ಬೇಗ ಶುರುವಾಗುವುದಿಲ್ಲವೆಂದು ತೋರಿಸಿತು. ಚದುರಂಗದ ದಾಖಲೆಯಲ್ಲಿ ಆ ಹಿಂಬಾಲಿಸುವ ಕೆಲಸ ತಾನಾಗಿಯೇ ಆಗಿಹೋಗಿತ್ತು.

ರೇಟಿಂಗ್ ಎಷ್ಟು ಇಳಿಯಿತೆಂದು ಹೇಳುತ್ತದೆ, ಏಕೆ ಇಳಿಯಿತೆಂದು ಹೇಳುವುದಿಲ್ಲ. ಅದಕ್ಕೆ ಆಟಗಾರರ ತಲೆಯೊಳಗೆ ಇಣುಕಬೇಕಿತ್ತು. ಇದರ ದಾರಿ ಹಾಕಿದವರು ನೆದರ್‌ಲೆಂಡ್ಸ್‌ನ ಆಡ್ರಿಯಾನ್ ದ ಗ್ರೂಟ್, ಸ್ವತಃ ಬಲ್ಲ ಆಟಗಾರ. ಆಟಗಾರರ ಮುಂದೆ ಒಂದು ಸ್ಥಿತಿಯನ್ನಿಟ್ಟು, ಯೋಚಿಸುತ್ತಿರುವುದನ್ನೆಲ್ಲ ಬಾಯಿಬಿಟ್ಟು ಹೇಳಿಸಿ, 1946ರಲ್ಲಿ ಅದನ್ನು ಗ್ರಂಥವಾಗಿಸಿದರು. ಗ್ರ್ಯಾಂಡ್‌ಮಾಸ್ಟರ್‌ಗಳು ಸಾಧಾರಣ ಆಟಗಾರರಿಗಿಂತ ಬಹಳ ಆಳಕ್ಕೆ ಲೆಕ್ಕ ಹಾಕುತ್ತಾರೆ ಎಂಬ ನಂಬಿಕೆ ಅಲ್ಲಿ ಸಡಿಲವಾಯಿತು. ವ್ಯತ್ಯಾಸ ಎದ್ದು ಕಂಡದ್ದು ಬೇರೆ ಕಡೆ: ಕೆಲವೇ ಸೆಕೆಂಡು ತೋರಿಸಿ ಮುಚ್ಚಿದ ಸ್ಥಿತಿಯನ್ನು ಬಲ್ಲವರು ಬಹುತೇಕ ಪೂರ್ತಿ ಜೋಡಿಸಿಬಿಡುತ್ತಿದ್ದರು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇದಕ್ಕೆ ವಿವರಣೆ ಕೊಟ್ಟರು. ಬಲ್ಲವರು ಕಾಯಿಗಳನ್ನು ಒಂದೊಂದಾಗಿ ನೋಡುವುದಿಲ್ಲ. ಕೋಟೆ ಕಟ್ಟಿಕೊಂಡ ರಾಜ, ಅವನ ಮುಂದಿನ ಪದಾತಿಗಳು, ಕಾವಲಿನ ಕುದುರೆ, ಇಷ್ಟೂ ಸೇರಿ ಅವರಿಗೆ ಒಂದೇ ಗುಚ್ಛ. ಕಾಯಿಗಳನ್ನು ಮನಬಂದಂತೆ ಚೆಲ್ಲಿದ ಮಣೆಯ ಮುಂದೆ ಮಾಸ್ಟರ್‌ಗೂ ಹೊಸಬರಿಗೂ ಇದ್ದ ಅಂತರ ಬಹುತೇಕ ಕರಗಿಹೋಯಿತು. ಅಂದರೆ ಚದುರಂಗದ ಬಲದಲ್ಲಿ ದೊಡ್ಡ ಪಾಲು ವರ್ಷಗಟ್ಟಲೆ ಕೂಡಿಟ್ಟ ವಿನ್ಯಾಸಗಳ ತಿಳಿವಳಿಕೆಯದು.

ಹಾಗಿದ್ದರೆ ವಯಸ್ಸಾದಂತೆ ಆಟ ಬಲಗೊಳ್ಳುತ್ತಲೇ ಹೋಗಬೇಕಲ್ಲವೇ? ಈ ಪ್ರಶ್ನೆಯನ್ನು ಪ್ರಯೋಗಶಾಲೆಗೆ ತಂದವರು ನೀಲ್ ಚಾರ್ನೆಸ್. 1981ರಲ್ಲಿ ಪ್ರಕಟವಾದ ಅವರ ಪ್ರಯೋಗಗಳು ಈ ಕ್ಷೇತ್ರದ ನಡುಗಂಬ ಎನ್ನಬಹುದು. ಹದಿನಾರರಿಂದ ಅರವತ್ತನಾಲ್ಕರವರೆಗಿನ ಆಟಗಾರರನ್ನು ಅವರು ಆರಿಸಿಕೊಂಡರು. ಜಾಣತನವಿದ್ದದ್ದು ಆ ಆಯ್ಕೆಯಲ್ಲೇ: ವಯಸ್ಸು ಹೆಚ್ಚಿದಂತೆ ರೇಟಿಂಗ್ ಹೆಚ್ಚುವುದಾಗಲಿ ತಗ್ಗುವುದಾಗಲಿ ಇಲ್ಲದಂತೆ ಗುಂಪನ್ನು ಹೊಂದಿಸಿದ್ದರು. ಒಂದೇ ಬಲದ ಕಿರಿಯರು, ಹಿರಿಯರು ಎದುರುಬದುರಾದರು. ಕೊಟ್ಟ ಸ್ಥಿತಿಯಲ್ಲಿ ಒಳ್ಳೆಯ ನಡೆ ಆರಿಸುವುದರಲ್ಲಿ ಹಿರಿಯರು ಹಿಂದೆ ಬೀಳಲಿಲ್ಲ. ಅಷ್ಟೇ ಅಲ್ಲ, ಅಷ್ಟೇ ಒಳ್ಳೆಯ ನಡೆಗೆ ಅವರು ತೆಗೆದುಕೊಂಡ ಸಮಯ ಕಡಿಮೆ, ತಡಕಾಡಿದ ಸಾಧ್ಯತೆಗಳೂ ಕಡಿಮೆ. ಆದರೆ ಅನಂತರ ಮುನ್ಸೂಚನೆಯಿಲ್ಲದೆ, ಈಗ ನೋಡಿದ ಸ್ಥಿತಿಯನ್ನು ನೆನಪಿನಿಂದ ಜೋಡಿಸಿ ಎಂದಾಗ ಹಿರಿಯರು ಸ್ಪಷ್ಟವಾಗಿ ಸೋತರು.

ಒಂದೇ ಮಣೆ, ಅದೇ ಆಟಗಾರರು, ಎರಡು ಬೇರೆ ಫಲಿತಾಂಶ. ನೆನಪು ಸೋರುತ್ತಿದ್ದರೂ ನಿರ್ಣಯ ಕೆಡುವುದಿಲ್ಲ ಎಂಬುದು ಚದುರಂಗದಾಚೆಗೂ ಸದ್ದು ಮಾಡಿದ ಸಂಗತಿ. ಹಿರಿಯರು ನಷ್ಟವನ್ನು ಯಾವುದರಿಂದ ತುಂಬಿಕೊಳ್ಳುತ್ತಾರೆ ಎಂಬುದಕ್ಕೆ ಒಪ್ಪುವಂಥ ವಿವರಣೆಯೆಂದರೆ, ಯಾವ ದಾರಿಯನ್ನು ಹುಡುಕಲೇಬೇಕಾಗಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಊರಿನ ಗಲ್ಲಿಗಳೆಲ್ಲ ಗೊತ್ತಿರುವ ಹಳೆಯ ಆಟೋ ಚಾಲಕರು ನಕ್ಷೆ ನೋಡುವ ಗೋಜಿಗೆ ಹೋಗದಂತೆ ಇದು. ಹೋಲಿಕೆಗೆ ಮಿತಿಯೂ ಉಂಟು. ಎದುರಾಳಿ ಬೇಕೆಂದೇ ಗುರುತಿಲ್ಲದ ಗಲ್ಲಿಗೆ ಎಳೆದೊಯ್ದರೆ ಹಿರಿಯರ ಅನುಕೂಲ ಅಲ್ಲಿಗೆ ಮುಗಿಯಿತು. ಯುವ ಆಟಗಾರರು ಹಳಬರ ಎದುರು ಗೊಂದಲದ, ಲೆಕ್ಕಾಚಾರ ದಟ್ಟವಾದ ಸ್ಥಿತಿಗಳನ್ನು ಹುಡುಕಿಕೊಂಡು ಹೋಗುವುದು ಇದೇ ಕಾರಣಕ್ಕೆ.

ಈ ಕೊಡುಕೊಳ್ಳುವಿಕೆಗೆ ಸಿದ್ಧಾಂತದ ಚೌಕಟ್ಟು ಮೊದಲೇ ಸಿದ್ಧವಿತ್ತು. ರೇಮಂಡ್ ಕ್ಯಾಟೆಲ್, ಅವರ ಶಿಷ್ಯ ಜಾನ್ ಹಾರ್ನ್ ಇಬ್ಬರೂ 1960ರ ದಶಕದಲ್ಲಿ ಬುದ್ಧಿಯನ್ನು ಎರಡಾಗಿ ನೋಡಿದ್ದರು. ಹೊಸ ಸಮಸ್ಯೆಯನ್ನು ಸ್ಥಳದಲ್ಲೇ ಬಿಡಿಸುವ ಚುರುಕು ಒಂದು, ಕಲಿತು ಗಟ್ಟಿಯಾದ ತಿಳಿವಳಿಕೆ ಇನ್ನೊಂದು. ಮೊದಲನೆಯದು ಬೇಗ ಇಳಿಯುತ್ತದೆ, ಎರಡನೆಯದು ಬಹುಕಾಲ ಬೆಳೆಯುತ್ತದೆ ಅಥವಾ ನಿಲ್ಲುತ್ತದೆ. ಚದುರಂಗ ಎರಡನ್ನೂ ಬೇಡುವ ಆಟವಾದ್ದರಿಂದ ಅದರ ಶಿಖರ ಮಧ್ಯವಯಸ್ಸಿಗೆ ಬೀಳುವುದು ಸಹಜ. ಪರಿಣತಿಯೊಂದೇ ವಯಸ್ಸನ್ನು ತಡೆದುಬಿಡುತ್ತದೆ ಎಂಬ ಆಸೆಯನ್ನು ಮಾತ್ರ ಮುಂದಿನ ಪ್ರಯೋಗಗಳು ಕೈಬಿಡಿಸಿದವು. ರಾಜನಿಗೆ ಚೆಕ್ ಬಿದ್ದಿದೆಯೇ ಎಂದು ಥಟ್ಟನೆ ಗುರುತಿಸುವಂತಹ ಸರಳ ಕೆಲಸದಲ್ಲಿ ಹಿರಿಯ ಪರಿಣತರೂ ಕಿರಿಯ ಪರಿಣತರಿಗಿಂತ ನಿಧಾನವೆಂದು ಚಾರ್ನೆಸ್ ಮತ್ತು ಸಂಗಡಿಗರು 2006ರಲ್ಲಿ ಕಂಡುಕೊಂಡರು. ಮಂದಗತಿ ಪರಿಣತರನ್ನೂ ಬಿಡುವುದಿಲ್ಲ, ಆದರೆ ದೀರ್ಘ ಆಟದಲ್ಲಿ ಅದಕ್ಕೆ ತೆರಬೇಕಾದ ಬೆಲೆ ಸಣ್ಣದು.

ಕಂಪ್ಯೂಟರಿನಲ್ಲಿ ಸಾವಿರಾರು ಆಟಗಾರರ ದಾಖಲೆ ಸಿಗತೊಡಗಿದ ಮೇಲೆ ಲೆಕ್ಕ ಮತ್ತೆ ರೇಟಿಂಗಿಗೆ ಮರಳಿತು. ರಾಯ್ ರೋರಿಂಗ್ ಮತ್ತು ಚಾರ್ನೆಸ್ 2007ರಲ್ಲಿ 5,011 ಆಟಗಾರರ ರೇಖೆಗಳನ್ನು ವಿಶ್ಲೇಷಿಸಿ ಶಿಖರವನ್ನು 43.8 ವರ್ಷಕ್ಕೆ ಸರಿಸಿದರು. ಮೊದಲಿನಿಂದಲೂ ಬಲಶಾಲಿಗಳಾದವರ ಇಳಿಜಾರು ಉಳಿದವರಿಗಿಂತ ಮೆಲುವಾಗಿದೆ ಎಂಬುದು ಅವರ ಇನ್ನೊಂದು ತೀರ್ಮಾನ. ಜರ್ಮನ್ ಒಕ್ಕೂಟದ ದಾಖಲೆಯನ್ನು ಬಳಸಿದ ನೆಮಾನ್ಯಾ ವಾಚಿ, ಬಾರ್ಟೊಷ್ ಗುಲಾ, ಮೆರಿಮ್ ಬಿಲಾಲಿಚ್ 2015ರಲ್ಲಿ ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿದರು. ಇಳಿತ ಒಂದೇ ವೇಗದಲ್ಲಿ ಸಾಗುವುದಿಲ್ಲ, ಒಂದು ಹಂತದ ನಂತರ ಅದರ ವೇಗ ತಗ್ಗುತ್ತದೆ. ಟೂರ್ನಿಗಳಲ್ಲಿ ಆಡುತ್ತಲೇ ಇರುವವರಲ್ಲಿ ಆ ತಗ್ಗುವಿಕೆ ಹೆಚ್ಚು ಸ್ಪಷ್ಟ.

ಆದರೆ ಇಲ್ಲೊಂದು ಬಲೆಯಿದೆ. ಐವತ್ತು ದಾಟಿಯೂ ಟೂರ್ನಿ ಆಡುವವರು ಯಾರು? ಆಟ ಇನ್ನೂ ಕೈಹಿಡಿದಿರುವವರು. ಸೋಲು ಹೆಚ್ಚಾದವರು ಸದ್ದಿಲ್ಲದೆ ಹಿಂದೆ ಸರಿದಿರುತ್ತಾರೆ, ಪಟ್ಟಿಯಲ್ಲಿ ಉಳಿದವರ ಸರಾಸರಿ ಹಾಗಾಗಿ ಚೆನ್ನಾಗಿಯೇ ಕಾಣುತ್ತದೆ. ಇಟಲಿಯ ಅರ್ಥಶಾಸ್ತ್ರಜ್ಞರಾದ ಬೆರ್ಟೋನಿ, ಬ್ರೂನೆಲ್ಲೊ, ರೊಕ್ಕೊ 2015ರಲ್ಲಿ, ಹೀಗೆ ಬಿಟ್ಟುಹೋದವರನ್ನೂ ಅಂದಾಜಿನಿಂದ ಲೆಕ್ಕಕ್ಕೆ ಸೇರಿಸಿದಾಗ ಶಿಖರ ಇಪ್ಪತ್ತರ ಆರಂಭಕ್ಕೆ ಜಾರಿತು, ಇಳಿತವೂ ಕಡಿದಾಯಿತು. ಹಿಂದಿನ ಅಂಕಿಗಳನ್ನೆಲ್ಲ ಇದು ರದ್ದು ಮಾಡುವುದಿಲ್ಲ. ಇಲ್ಲದವರ ಆಟವನ್ನು ಊಹಿಸುವುದರಲ್ಲೂ ತನ್ನದೇ ಅಪಾಯವಿದೆ. ಆದರೆ ಮೂವತ್ತೈದು, ನಲವತ್ತನಾಲ್ಕು ಎಂಬ ಅಂಕಿಗಳು ಆಟ ಬಿಡದವರ ಅಂಕಿಗಳು ಎಂಬ ಎಚ್ಚರವನ್ನಂತೂ ಅದು ಕೊಟ್ಟಿತು.

ರೇಟಿಂಗಿನ ಇನ್ನೊಂದು ದೋಷ ಅದರ ಹುಟ್ಟಿನಲ್ಲೇ ಇದೆ. ಅದು ಎದುರಾಳಿಗೆ ಹೋಲಿಸಿದ ಅಳತೆ. ಒಬ್ಬರ ಆಟ ಎಳ್ಳಷ್ಟೂ ಕೆಡದಿದ್ದರೂ, ಸುತ್ತಲಿನ ತರುಣರು ಬಲಗೊಂಡರೆ ರೇಟಿಂಗ್ ಬೀಳುತ್ತದೆ. ಮುಪ್ಪಿನಿಂದ ಆದ ನಷ್ಟ ಎಷ್ಟು, ಕಾಲ ಮುಂದೋಡಿದ್ದರಿಂದ ಆದದ್ದೆಷ್ಟು ಎಂದು ಬಿಡಿಸಲು ಎದುರಾಳಿಯನ್ನು ಅವಲಂಬಿಸದ ಅಳತೆ ಬೇಕಿತ್ತು. ಮನುಷ್ಯರೆಲ್ಲರನ್ನೂ ಮೀರಿಸಿದ ಚೆಸ್ ಎಂಜಿನ್‌ಗಳು, ಅಂದರೆ ಚದುರಂಗ ಆಡುವ ಕಂಪ್ಯೂಟರ್ ಪ್ರೋಗ್ರಾಂಗಳು, ಅದನ್ನು ಒದಗಿಸಿದವು. ಆಡಿದ ನಡೆ ಎಂಜಿನ್ ಆರಿಸುವ ನಡೆಗಿಂತ ಎಷ್ಟು ಕೆಳಮಟ್ಟದ್ದು ಎಂದು ನೋಡಿದರೆ ಸಾಕು. ಸ್ಲೊವೇನಿಯಾದ ಮಾತೇಯ್ ಗುಯಿದ್ ಮತ್ತು ಇವಾನ್ ಬ್ರಾಟ್ಕೊ 2006ರಲ್ಲಿ ವಿಶ್ವ ಚಾಂಪಿಯನ್ನರ ಆಟಗಳನ್ನು ಹೀಗೆ ತೂಗಿದ್ದರು. ವಯಸ್ಸಿನ ಪ್ರಶ್ನೆಗೆ ಈ ವಿಧಾನವನ್ನು ದೊಡ್ಡದಾಗಿ ಅನ್ವಯಿಸಿದವರು ಆಂಥನಿ ಸ್ಟ್ರಿಟ್‌ಮಾಟರ್, ಊವೆ ಜುಂಡೆ, ಡೈನಿಸ್ ಜೆಗ್ನರ್ಸ್. 2020ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 1890ರಿಂದ 2014ರವರೆಗೆ ವಿಶ್ವ ಚಾಂಪಿಯನ್ನರು ಮತ್ತು ಅವರ ಎದುರಾಳಿಗಳು ಆಡಿದ 24,000ಕ್ಕೂ ಹೆಚ್ಚು ಆಟಗಳ ಸುಮಾರು 16 ಲಕ್ಷ ನಡೆಗಳಿದ್ದವು. ನಡೆಯ ಗುಣಮಟ್ಟ ಇಪ್ಪತ್ತರ ಆರಂಭದವರೆಗೆ ಚುರುಕಾಗಿ ಏರಿ, ಮೂವತ್ತೈದರ ಸುಮಾರಿಗೆ ಶಿಖರ ಮುಟ್ಟಿ, ನಲವತ್ತೈದರ ನಂತರ ಅಲ್ಪಸ್ವಲ್ಪ ಇಳಿಯುತ್ತದೆ. ಎಲೋ ಅರ್ಧ ಶತಮಾನದ ಹಿಂದೆ ಕೈಲೆಕ್ಕದಲ್ಲಿ ಎಳೆದ ರೇಖೆಗೆ ಇದು ಅಚ್ಚರಿಯಾಗುವಷ್ಟು ಹತ್ತಿರ. ಹೊಸದಾಗಿ ಕಂಡದ್ದು ತಲೆಮಾರುಗಳ ಅಂತರ: ಈಚೆಗೆ ಹುಟ್ಟಿದವರು ಅದೇ ವಯಸ್ಸಿನ ಹಿಂದಿನವರಿಗಿಂತ ಚೆನ್ನಾಗಿ ಆಡುತ್ತಾರೆ, 1990ರ ದಶಕದಿಂದ ಈಚೆಗೆ ಈ ಏರಿಕೆ ಇನ್ನೂ ಜೋರು.

ಎಳೆಯರ ಅಬ್ಬರಕ್ಕೆ ವಿವರಣೆ ಇಲ್ಲಿದೆ. 1958ರಲ್ಲಿ ಬಾಬಿ ಫಿಷರ್ ಹದಿನೈದನೆಯ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದದ್ದು ಪವಾಡವೆನಿಸಿತ್ತು. 2021ರಲ್ಲಿ ಅಭಿಮನ್ಯು ಮಿಶ್ರಾ ಹನ್ನೆರಡು ವರ್ಷ ನಾಲ್ಕು ತಿಂಗಳಿಗೆ ಆ ಪಟ್ಟ ಪಡೆದರು. 2024ರ ಡಿಸೆಂಬರಿನಲ್ಲಿ ಡಿ. ಗುಕೇಶ್ ಹದಿನೆಂಟಕ್ಕೇ ವಿಶ್ವ ಚಾಂಪಿಯನ್ ಆದರು. ಆಸ್ಟ್ರೇಲಿಯಾದ ರಾಬರ್ಟ್ ಹೋವರ್ಡ್ 1999ರಲ್ಲೇ ಈ ಒಲವನ್ನು ಗುರುತಿಸಿ, ಮನುಕುಲದ ಸರಾಸರಿ ಬುದ್ಧಿಯೇ ಏರುತ್ತಿರುವುದರ ಕುರುಹು ಇದು ಎಂದಿದ್ದರು. ಫೆರ್ನಾಂಡ್ ಗೊಬೆ ಮತ್ತು ಸಂಗಡಿಗರು 2002ರಲ್ಲಿ ಅದನ್ನು ಒಪ್ಪಲಿಲ್ಲ. ಟೂರ್ನಿಗಳು ಹೆಚ್ಚಿವೆ, ತರಬೇತಿ ಸುಧಾರಿಸಿದೆ, ಕಂಪ್ಯೂಟರ್ ಬಂದಿದೆ, ಇವಿಷ್ಟೇ ಸಾಕಾದ ಕಾರಣಗಳು ಎಂದರು. ಅವರ ಮಾತೇ ಹೆಚ್ಚು ಸರಿಯೆನಿಸುತ್ತದೆ. ಹಿಂದೆ ಇಪ್ಪತ್ತು ವರ್ಷ ಆಡಿ ಗಳಿಸಬೇಕಿದ್ದ ವಿನ್ಯಾಸಗಳ ಸಂಗ್ರಹವನ್ನು ಈಗಿನ ಮಗು ಎಂಜಿನ್ ಮುಂದೆ ಕೂತು ಐದಾರು ವರ್ಷಗಳಲ್ಲಿ ಗಳಿಸುತ್ತದೆ. ಹಿರಿಯರ ಬಂಡವಾಳವಾಗಿದ್ದ ಅನುಭವ ಅಗ್ಗವಾಯಿತು, ಕಿರಿಯರ ಬಂಡವಾಳವಾದ ಚುರುಕು ಅಗ್ಗವಾಗಲಿಲ್ಲ.

ಭಾರತದ ಮಟ್ಟಿಗೆ ಇದರ ಎರಡೂ ಮುಖಗಳು ವಿಶ್ವನಾಥನ್ ಆನಂದ್ ಅವರಲ್ಲಿ ಕಾಣುತ್ತವೆ. ಅವರ ಅತ್ಯುಚ್ಚ ರೇಟಿಂಗ್ 2817 ಬಂದದ್ದು 2011ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ. 2013ರಲ್ಲಿ ಚೆನ್ನೈನಲ್ಲಿ ಇಪ್ಪತ್ತೆರಡರ ಮ್ಯಾಗ್ನಸ್ ಕಾರ್ಲ್‌ಸನ್ ಎದುರು ಪಟ್ಟ ಕಳೆದುಕೊಂಡಾಗ ಅವರ ಕಾಲ ಮುಗಿಯಿತೆಂದವರು ಬಹಳ. ಮರುವರ್ಷವೇ, ವಿಶ್ವ ಚಾಂಪಿಯನ್‌ಗೆ ಸವಾಲೆಸೆಯುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿ ಗೆದ್ದರು, 2017ರಲ್ಲಿ ನಲವತ್ತೆಂಟಕ್ಕೆ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದರು. ಹಿಂದಿನ ವರ್ಷ ಅದೇ ಪಟ್ಟ ನಲವತ್ತೇಳರ ವಾಸಿಲಿ ಇವಾಂಚುಕ್ ಪಾಲಾಗಿತ್ತು. ವೇಗದ ಆಟ ಎಳೆಯರದ್ದು ಎಂಬ ನಂಬಿಕೆಗೆ ಈ ಎರಡು ಗೆಲುವುಗಳು ಸರಿಹೊಂದುವುದಿಲ್ಲ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ಆ ಪಟ್ಟ ಪಡೆದದ್ದು 2017ರಲ್ಲಿ, ಮೂವತ್ತರ ನಡುವಯಸ್ಸು ದಾಟುವಾಗ. ಹನ್ನೆರಡರ ಗ್ರ್ಯಾಂಡ್‌ಮಾಸ್ಟರ್‌ಗಳ ಸುದ್ದಿಯಲ್ಲಿ ಇಂತಹ ದಾರಿಗಳು ಮರೆಯಾಗುತ್ತವೆ, ಎಲೋ ರೇಖೆಯ ಪ್ರಕಾರ ಅದು ತಡವೇನೂ ಅಲ್ಲ.

ದೇಹವನ್ನು ಲೆಕ್ಕದಿಂದ ಹೊರಗಿಡಬಹುದು ಎಂಬ ಮೊದಲಿನ ಊಹೆಯೂ ಪೂರ್ತಿ ನಿಲ್ಲಲಿಲ್ಲ. ಅರವತ್ಮೂರರ ವಾಸಿಲಿ ಸ್ಮಿಸ್ಲೋವ್ 1984ರಲ್ಲಿ ಕ್ಯಾಂಡಿಡೇಟ್ಸ್ ಫೈನಲ್‌ವರೆಗೆ ಬಂದು ಇಪ್ಪತ್ತರ ಗ್ಯಾರಿ ಕಾಸ್ಪರೋವ್ ಅವರಿಗೆ ಸೋತರು. ಆ ಕಾಲದಲ್ಲಿ ದೀರ್ಘ ಆಟವನ್ನು ಐದು ಗಂಟೆಯ ನಂತರ ಮುಂದೂಡಿ, ವಿಶ್ರಾಂತಿ ಪಡೆದು ಮತ್ತೆ ಆಡುವ ಪದ್ಧತಿಯಿತ್ತು. 1990ರ ದಶಕದಲ್ಲಿ ಅದು ಹೋಯಿತು. ಈಗ ಆರೇಳು ಗಂಟೆಯ ಆಟವನ್ನೂ ಒಂದೇ ಕೂರುವಿಕೆಯಲ್ಲಿ, ಕೊನೆಗೆ ಸೆಕೆಂಡುಗಳ ಆಸರೆಯಲ್ಲಿ ಮುಗಿಸಬೇಕು. ಹಿರಿಯರ ದೊಡ್ಡ ತಪ್ಪುಗಳು ಹೆಚ್ಚಾಗಿ ಆಟದ ಆರಂಭದಲ್ಲಿ ಬರುವುದಿಲ್ಲ, ದಣಿದ ಕೊನೆಯ ಗಂಟೆಯಲ್ಲಿ ಬರುತ್ತವೆ ಎಂಬುದು ಟೂರ್ನಿ ಆಡಿದವರೆಲ್ಲ ಹೇಳುವ ಮಾತು. ಇದಕ್ಕೂ ಸೊಪ್ಪು ಹಾಕದವರಿದ್ದಾರೆ. ವಿಕ್ಟರ್ ಕೊರ್ಚ್ನಾಯ್ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, 2011ರ ಜಿಬ್ರಾಲ್ಟರ್ ಟೂರ್ನಿಯಲ್ಲಿ ಹದಿನೆಂಟರ ಫಾಬಿಯಾನೊ ಕರುವಾನ ಅವರನ್ನು ಸೋಲಿಸಿ, ಅದೇ ವರ್ಷ ಎಂಬತ್ತಕ್ಕೆ ಸ್ವಿಟ್ಜರ್‌ಲೆಂಡಿನ ರಾಷ್ಟ್ರೀಯ ಚಾಂಪಿಯನ್ ಆದರು.

ಪ್ರಶ್ನೆಯನ್ನು ತಿರುಗಿಸಿ ಕೇಳುವವರೂ ಉಂಟು: ಚದುರಂಗ ಆಡಿದರೆ ಮುಪ್ಪಿನ ಮರೆವು ತಡವಾಗುತ್ತದೆಯೇ? ನ್ಯೂಯಾರ್ಕಿನಲ್ಲಿ 75 ದಾಟಿದ 469 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಣೆಯಾಟ, ಓದು, ವಾದ್ಯ, ನೃತ್ಯಗಳಲ್ಲಿ ತೊಡಗಿದವರಿಗೆ ಡಿಮೆನ್ಷಿಯಾ ಬರುವ ಸಂಭವ ಕಡಿಮೆ ಕಂಡಿತು. ಇದನ್ನು ಔಷಧಿಯ ಚೀಟಿಯಂತೆ ಓದಬಾರದು. ಮೆದುಳು ಚೆನ್ನಾಗಿರುವವರೇ ಇಂತಹ ಹವ್ಯಾಸ ಉಳಿಸಿಕೊಂಡಿರುತ್ತಾರೆ ಎಂಬ ಸಾಧ್ಯತೆಯನ್ನು ಆ ಅಂಕಿಗಳು ತಳ್ಳಿಹಾಕುವುದಿಲ್ಲ.

ತುಂಬಬೇಕಾದ ಜಾಗಗಳು ಇನ್ನೂ ಇವೆ. ಬಹುತೇಕ ಅಧ್ಯಯನಗಳ ಆಟಗಾರರು ಗಂಡಸರು. ಮಹಿಳೆಯರ ಮಾಜಿ ವಿಶ್ವ ಚಾಂಪಿಯನ್ ನೋನಾ ಗಪ್ರಿಂದಾಶ್ವಿಲಿ ಎಂಬತ್ತು ದಾಟಿದ ಮೇಲೂ ಹಿರಿಯರ ವಿಶ್ವ ಚಾಂಪಿಯನ್‌ಷಿಪ್ ಆಡಿದ್ದರೂ, ಹೆಂಗಸರ ಆಟದ ಏರಿಳಿತಕ್ಕೆ ಅಷ್ಟೇ ವಿಸ್ತಾರದ ಲೆಕ್ಕ ನಡೆದಿಲ್ಲ. ಇನ್ನೊಂದು ಕೊರತೆಯನ್ನು ಕಾಲವೇ ತುಂಬಬೇಕು. ಇಳಿತದ ಬಗ್ಗೆ ಈಗಿರುವ ಅಂಕಿಗಳೆಲ್ಲ ಪುಸ್ತಕ ಓದಿ ಆಟ ಕಲಿತ ತಲೆಮಾರಿನವು. ಎಂಜಿನ್ ಜೊತೆಯಲ್ಲೇ ಬೆಳೆದ ಮೊದಲ ತಲೆಮಾರಿನಲ್ಲಿ 1987ರಲ್ಲಿ ಹುಟ್ಟಿದ ಹಿಕಾರು ನಕಮುರ ಮೂವತ್ತೇಳಕ್ಕೆ ವಿಶ್ವದ ಎರಡನೆಯ ರ‍್ಯಾಂಕಿನಲ್ಲಿದ್ದರು. 1990ರಲ್ಲಿ ಹುಟ್ಟಿದ ಕಾರ್ಲ್‌ಸನ್ ಐವತ್ತು ಮುಟ್ಟುವುದು 2040ರಲ್ಲಿ. ಆ ತಲೆಮಾರಿನ ಇಳಿಜಾರು ಕಡಿದೋ ಮೆಲುವೋ ಎಂದು ಹೇಳುವಷ್ಟು ಆಟಗಳು ಅದಕ್ಕೆ ಮೊದಲು ಸಿಗುವುದಿಲ್ಲ.